ಗುಪ್ತಪದವೂ ಗೃಹಸ್ಥನೂ

ಮನೆಗೆ ಬಾಗಿಲು, ಬಾಗಿಲಿಗೆ ಬೀಗ, ಬೀಗಕ್ಕೊಂದು ಕೈ, ಆ ಕೈಯನ್ನು ಕಾಯುವುದಕ್ಕೆ ನಂಬಿಕೆಗೆ ಪಾತ್ರವಾದ ಇನ್ನೊಂದು ಕೈ—ಇದು ನಮ್ಮ ಹಿರಿಯರು ಕಂಡುಕೊಂಡಿದ್ದ ರಕ್ಷಣೆಯ ಕ್ರಮವು. ಗೃಹಿಣಿಯು ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳೆಂದರೆ ಮನೆಯ ಸರ್ವಸ್ವವೂ ಕ್ಷೇಮವಾಗಿರುವುದೆಂದು ಅರ್ಥವಾಗಿದ್ದಿತು. ಇಂದಾದರೋ ನಮ್ಮ ಧನವು ಕಬ್ಬಿಣದ ಪೆಟ್ಟಿಗೆಯಲ್ಲಿಲ್ಲ. ಬ್ಯಾಂಕಿನ ಕಂಪ್ಯೂಟರಿನೊಳಗೆ ಅಂಕಿಗಳ ರೂಪದಲ್ಲಿದೆ. ಪಿಂಚಣಿ, ವಿದ್ಯುತ್ತಿನ ಬಾಕಿ, ರೈಲಿನ ಟಿಕೆಟ್ಟು, ದೂರದೇಶದಲ್ಲಿರುವ ಮಗಳ ಮನೆಯ ಭಾವಚಿತ್ರಗಳು—ಎಲ್ಲವೂ ಅಂಗೈಯಗಲದ ಒಂದು ಮೊಬೈಲಿನ ಹಿಂದೆ ಅಡಗಿವೆ. ಆ ಬಾಗಿಲನ್ನು ತೆರೆಯುವ ಕೈಯು ಕಬ್ಬಿಣದ್ದೂ ಅಲ್ಲ, ಹಿತ್ತಾಳೆಯದ್ದೂ ಅಲ್ಲ. ಅದು ಕೇವಲ ಒಂದು ಮಾತು. ಪಾಸ್‌ವರ್ಡ್ ಎಂದು ಮಕ್ಕಳ ಬಾಯಲ್ಲಿಯೂ ಆಡುವ ಈ ಮಾತಿಗೆ ಕನ್ನಡದಲ್ಲಿ ಗುಪ್ತಪದವೆಂದು ಹೆಸರು. ಅದು ಎಲ್ಲಿಂದ ಬಂದಿತು, ಗೃಹಸ್ಥರಾದ ನಾವು ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಗುಪ್ತಪದವು ಇಂದು ನಿನ್ನೆಯದೆಂದು ಯಾರೂ ಭಾವಿಸಬಾರದು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಪೊಲಿಬಿಯಸನು ರೋಮನರ ದಂಡಿನ ವ್ಯವಸ್ಥೆಯನ್ನು ವರ್ಣಿಸುತ್ತ, ಅವರು ಪ್ರತಿದಿನವೂ ಸಂಜೆ ಆ ರಾತ್ರಿಯ ಸಂಕೇತಪದವನ್ನು ಮರದ ಹಲಗೆಯ ಮೇಲೆ ಬರೆದು, ತುಕಡಿಯಿಂದ ತುಕಡಿಗೆ ಸಾಕ್ಷಿಗಳ ಸಮಕ್ಷಮದಲ್ಲಿ ದಾಟಿಸುತ್ತಿದ್ದರೆಂದು ಹೇಳಿರುವನು. ಕತ್ತಲಾಗುವುದರೊಳಗಾಗಿ ಹಲಗೆಗಳೆಲ್ಲವೂ ಅಧಿಕಾರಿಗೆ ಹಿಂದಿರುಗಬೇಕು. ಒಂದು ಬಾರದೆ ಹೋದರೂ ಅದು ಎಲ್ಲಿ ನಿಂತಿತೆಂಬುದನ್ನು ಕೂಡಲೆ ವಿಚಾರಿಸಿ ತಪ್ಪಿತಸ್ಥನನ್ನು ಶಿಕ್ಷಿಸುತ್ತಿದ್ದರು. ಇಂದು ಬ್ಯಾಂಕಿನವರು ಕಳುಹಿಸುವ ಓಟಿಪಿ ಎಂಬ ಒಂದೇ ಸಲದ ಅಂಕಿಗೆ ಈ ಹಲಗೆಯನ್ನು ಮುತ್ತಜ್ಜನೆನ್ನಬಹುದು. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಒಂದು ಮಾಷಕವನ್ನು ತೆಗೆದುಕೊಂಡು ಅವನು ಕೊಡುವ ಮುದ್ರೆಯಿಲ್ಲದೆ ಯಾರೂ ಜನಪದವನ್ನು ಪ್ರವೇಶಿಸುವಂತಿಲ್ಲ, ಬಿಟ್ಟು ಹೊರಡುವಂತೆಯೂ ಇಲ್ಲ.

ಆದರೂ ಗುಪ್ತಪದವೆಂದೊಡನೆ ಸಾಮಾನ್ಯರಿಗೆ ನೆನಪಾಗುವುದು ರೋಮನರಲ್ಲ, ಅಲಿಬಾಬನು. ಸಿರಿಯಾ ದೇಶದ ಅಲೆಪ್ಪೊ ಪಟ್ಟಣದ ಹನ್ನಾ ದಿಯಾಬ್ ಎಂಬವನು 1709ರಲ್ಲಿ ಪ್ಯಾರಿಸಿನಲ್ಲಿ ಹೇಳಿದ ಈ ಕಥೆಯನ್ನು ಆಂಟ್ವಾನ್ ಗಾಲಾಂ ಎಂಬ ಫ್ರೆಂಚ್ ಪಂಡಿತನು ತನ್ನ ಅರಬ್ಬೀ ಕಥಾಸಂಗ್ರಹದಲ್ಲಿ ಸೇರಿಸಿ ಜಗತ್ತಿಗೆ ಕೊಟ್ಟನು. ಎಳ್ಳಿಗೆ ಇಂಗ್ಲಿಷಿನಲ್ಲಿ ಸೆಸಮ್ ಎಂದು ಹೆಸರಷ್ಟೆ; ಅದು ನಮ್ಮ ಮಕ್ಕಳ ಬಾಯಲ್ಲಿ ಸೇಸಮ್ಮನಾಗಿ, ಗುಹೆಯೊಳಗೆ ಸೇಸಮ್ಮನೆಂಬ ಮುದುಕಿಯೊಬ್ಬಳು ಕುಳಿತು ಕದ ತೆಗೆಯುವಳೆಂದೇ ಅವು ನಂಬಿರುವುದುಂಟು. ಈ ಕಥೆಯನ್ನು ವಿನೋದಕ್ಕಾಗಿ ಓದುವವರು ಬಹಳ, ವಿವೇಕಕ್ಕಾಗಿ ಓದುವವರು ವಿರಳ. ಕಳ್ಳರ ಗುಹೆಯು ಬಲವಾಗಿಯೇ ಇದ್ದಿತು. ಆದರೆ ಅವರ ನಾಯಕನು ಗುಪ್ತಪದವನ್ನು ಕೂಗಿ ಹೇಳಿದ್ದರಿಂದ ಮರದ ಮೇಲಿದ್ದ ಅಲಿಬಾಬನು ಅದನ್ನು ಕೇಳಿಸಿಕೊಂಡನು. ಅವನ ಅಣ್ಣ ಕಾಸಿಮನಾದರೋ ಗುಹೆಯೊಳಗೆ ಸಿಕ್ಕಿಕೊಂಡು, ಪದವನ್ನು ಮರೆತು, ಅದು ಯಾವುದೋ ಧಾನ್ಯದ ಹೆಸರೆಂಬುದಷ್ಟನ್ನೆ ನೆನಪಿಟ್ಟುಕೊಂಡು, ಜವೆಗೋಧಿ ಮೊದಲಾದ ಧಾನ್ಯಗಳ ಹೆಸರನ್ನೆಲ್ಲ ಕೂಗಿ ಕಡೆಗೆ ಕಳ್ಳರ ಕೈಯಲ್ಲಿ ಸತ್ತನು. ಇಂದಿನ ಕಳ್ಳರು ಮಾಡುವುದೂ ಇವೆರಡನ್ನೆ: ಮೊದಲನೆಯದಾಗಿ ಪಕ್ಕದಲ್ಲಿ ನಿಂತು ಕಿವಿಗೊಡುವರು, ಎರಡನೆಯದಾಗಿ ಒಂದಾದ ಮೇಲೊಂದು ಪದವನ್ನು ಒಡ್ಡಿ ನೋಡುವರು. ಭೇದವಿಷ್ಟೆ—ಕಾಸಿಮನು ಬಾಯಿಂದ ಹತ್ತಿಪ್ಪತ್ತು ಹೆಸರನ್ನು ಹೇಳುವಷ್ಟರಲ್ಲಿ ಯಂತ್ರವು ಕೋಟಿಗಟ್ಟಲೆ ಪದಗಳನ್ನು ಪರೀಕ್ಷಿಸಿ ಮುಗಿಸುವುದು.

ಕಂಪ್ಯೂಟರಿಗೆ ಗುಪ್ತಪದವು ಬಂದುದು 1960ರ ದಶಕದ ಆದಿಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿದ್ವಾಂಸರು ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಉಪಯೋಗಿಸುವ ಏರ್ಪಾಡನ್ನು ಮಾಡಿದರು. ಒಬ್ಬೊಬ್ಬನ ಬರೆಹವೂ ಅವನವನಿಗೇ ದೊರೆಯಬೇಕೆಂದು ಒಬ್ಬೊಬ್ಬನಿಗೆ ಒಂದೊಂದು ಪದವನ್ನು ಗೊತ್ತುಮಾಡಿದರು. ಇದಾದ ಕೆಲವು ಕಾಲದಲ್ಲಿಯೇ, 1962ರಲ್ಲಿ, ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿಯು ತನಗೆ ಕೊಟ್ಟ ಯಂತ್ರಕಾಲವು ಸಾಲದೆ, ಗುಪ್ತಪದಗಳ ಕಡತವನ್ನೇ ಉಪಾಯದಿಂದ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮಾಡತೊಡಗಿದನು. 1966ರಲ್ಲಿ ಇನ್ನೂ ವಿಚಿತ್ರವಾದ ಪ್ರಮಾದವಾಯಿತು. ಯಂತ್ರವನ್ನು ತೆರೆದವರಿಗೆಲ್ಲ ಕಾಣಬೇಕಾಗಿದ್ದ ಆ ದಿನದ ಪ್ರಕಟಣೆಯೂ ಗುಪ್ತಪದಗಳ ಪಟ್ಟಿಯೂ ಸ್ಥಾನಪಲ್ಲಟವಾಗಿ, ಎಲ್ಲರ ಗುಟ್ಟೂ ಎಲ್ಲರ ಕಣ್ಣಿಗೂ ಬಿದ್ದಿತು. ಗುಪ್ತಪದವು ಹುಟ್ಟಿದ ಮನೆಯಲ್ಲಿಯೇ ಅದರ ಕಳವೂ ಹುಟ್ಟಿತೆಂಬುದು ಇದರಿಂದ ವ್ಯಕ್ತವಾಗುವುದು.

ಈ ತೊಂದರೆಗೆ ಪಂಡಿತರು ಕಂಡುಹಿಡಿದ ಪರಿಹಾರವನ್ನು ಗೃಹಿಣಿಯರು ಬೀಸುವ ಕಲ್ಲಿನ ದೃಷ್ಟಾಂತದಿಂದ ಸುಲಭವಾಗಿ ಗ್ರಹಿಸಬಹುದು. ಕಾಳನ್ನು ಬೀಸಿದರೆ ಹಿಟ್ಟಾಗುವುದು. ಹಿಟ್ಟನ್ನು ಎಷ್ಟು ತಿರುಗಿಸಿದರೂ ಕಾಳಾಗದು. ಹಾಗೆಯೇ ಗುಪ್ತಪದವನ್ನು ಗಣಿತದ ಬೀಸುವ ಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಯಂತ್ರದಲ್ಲಿ ಇಟ್ಟುಕೊಳ್ಳುವರು. ನಾವು ಪದವನ್ನು ಹೇಳಿದಾಗಲೆಲ್ಲ ಯಂತ್ರವು ಅದನ್ನು ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟು ಸರಿಹೋಯಿತೇ ಎಂದು ನೋಡುವುದು. ಇಬ್ಬರು ಒಂದೇ ಪದವನ್ನು ಇಟ್ಟುಕೊಂಡಿದ್ದರೂ ಹಿಟ್ಟು ಒಂದೇ ಆಗದಿರಲೆಂದು ಪ್ರತಿಯೊಬ್ಬನ ಪದಕ್ಕೂ ಬೇರೆಬೇರೆ ಅಂಕಿಯೊಂದನ್ನು ಬೆರೆಸುವರು. ಇದಕ್ಕೆ ಅವರು ಇಟ್ಟಿರುವ ಹೆಸರೂ ಸಾಲ್ಟ್, ಎಂದರೆ ಉಪ್ಪು! ಈ ವಿಧಾನವನ್ನು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ ಎಂಬವರು 1979ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ವಿವರಿಸಿದರು.

ಇದರಿಂದ ಫಲಿಸುವ ಒಂದು ತತ್ತ್ವವನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಕ್ರಮವಾಗಿ ನಡೆಯುವ ಬ್ಯಾಂಕಿಗೆ ನಮ್ಮ ಗುಪ್ತಪದವು ತಿಳಿದೇ ಇರುವುದಿಲ್ಲ. ಅದರ ಬಳಿಯಲ್ಲಿರುವುದು ಹಿಟ್ಟು ಮಾತ್ರ. ಪದವನ್ನು ಮರೆತೆವೆಂದರೆ ಅವರು ಹಳೆಯದನ್ನು ಹೇಳದೆ ಹೊಸದನ್ನು ಮಾಡಿಕೊಳ್ಳಿರೆನ್ನುವುದು ಈ ಕಾರಣದಿಂದಲೇ. ಬ್ಯಾಂಕಿಗೇ ಬೇಡವಾದ ಪದವು ಬ್ಯಾಂಕಿನ ಹೆಸರು ಹೇಳಿಕೊಂಡು ಬಂದವನಿಗೆ ಏತಕ್ಕೆ ಬೇಕು? ಕೇಳಿದನೆಂಬುದೇ ಅವನು ಕಳ್ಳನೆಂಬುದಕ್ಕೆ ಸಾಕ್ಷಿಯು.

ಇನ್ನು ಪದವನ್ನು ಆರಿಸುವ ಬಗೆ. 2009ರಲ್ಲಿ ರಾಕ್‌ಯೂ ಎಂಬ ಅಮೆರಿಕದ ಸಂಸ್ಥೆಯ ಉಗ್ರಾಣದಿಂದ 3 ಕೋಟಿ 20 ಲಕ್ಷ ಗುಪ್ತಪದಗಳು ಕಳುವಾದುವು. ಅವನ್ನು ಬೀಸದೆ ಇಡಿಯ ಕಾಳುಗಳಾಗಿಯೇ ಇಟ್ಟಿದ್ದರು. ಆ ರಾಶಿಯನ್ನು ಪರೀಕ್ಷಿಸಿದಾಗ ಅತಿ ಹೆಚ್ಚು ಜನರು ಇಟ್ಟುಕೊಂಡಿದ್ದ ಪದವು 123456 ಎಂದು ತಿಳಿದುಬಂದಿತು. ಸುಮಾರು 2 ಲಕ್ಷ 90 ಸಾವಿರ ಮಂದಿಗೆ ಇದಕ್ಕಿಂತ ಗೂಢವಾದುದು ತೋಚಿರಲಿಲ್ಲ. ಅಂಕಿಯನ್ನು ಬಿಟ್ಟವರು ಹಿಡಿಯುವುದು ಮಮತೆಯ ಹೆಸರುಗಳನ್ನು—ಮಗುವಿನದು, ಹೆಂಡತಿಯದು, ಮನೆದೇವರದು. 1983ರಲ್ಲಿ ತೆರೆಗೆ ಬಂದ ‘ವಾರ್ ಗೇಮ್ಸ್’ ಎಂಬ ಇಂಗ್ಲಿಷ್ ಚಲಚ್ಚಿತ್ರದಲ್ಲಿ ಯುದ್ಧದ ಮಹಾಯಂತ್ರವೊಂದನ್ನು ರಚಿಸಿದ ಪ್ರಾಧ್ಯಾಪಕನು ತನ್ನ ಮೃತಪುತ್ರನ ಹೆಸರನ್ನೇ ಅದಕ್ಕೆ ಗುಪ್ತಪದವಾಗಿ ಇಟ್ಟಿರುವನು. ಅವನ ಜೀವನವೃತ್ತಾಂತವನ್ನು ಓದಿದ ಒಬ್ಬ ಹುಡುಗನು ಅದನ್ನು ಊಹಿಸಿಬಿಡುವನು. ಕಥೆಯು ಕಲ್ಪಿತವಾದರೂ ಅದರಲ್ಲಿರುವ ಮನುಷ್ಯಸ್ವಭಾವವು ಕಲ್ಪಿತವಲ್ಲ. ನಮ್ಮ ಪ್ರೀತಿಯು ಎಲ್ಲರಿಗೂ ಕಾಣುವಂಥದು; ಕಾಣುವುದು ಬೀಗದ ಕೈಯಾಗಲಾರದು.

ಹಾಗಾದರೆ ವಿಕಾರವಾದ ಚಿಹ್ನೆಗಳನ್ನು ಸೇರಿಸಿ, ತಿಂಗಳಿಗೊಮ್ಮೆ ಬದಲಾಯಿಸುತ್ತಿರಬೇಕೋ? ಅಮೆರಿಕದ ಸರ್ಕಾರದ ಮಾನಕ ಸಂಸ್ಥೆಗಾಗಿ 2003ರಲ್ಲಿ ಬಿಲ್ ಬರ್ ಎಂಬವರು ಇಂಥ ವಿಧಿಯನ್ನೇ ಬರೆದಿದ್ದರು. ಜನರು ಅದರಿಂದ ಬೇಸತ್ತು, ಪದದ ಕೊನೆಗೆ 1ನ್ನು ತೆಗೆದು 2ನ್ನು ಹಾಕಿ ಕೈತೊಳೆದುಕೊಂಡರು. 2017ರಲ್ಲಿ ಆ ಸಂಸ್ಥೆಯು ವಿಧಿಯನ್ನು ತಿದ್ದಿ, ಕಾರಣವಿಲ್ಲದೆ ಬದಲಾಯಿಸುವ ಅಗತ್ಯವಿಲ್ಲವೆಂದೂ ಪದವು ಉದ್ದವಾಗಿರುವುದೇ ಲೇಸೆಂದೂ ಸಾರಿತು. ಬರ್ ಅವರೂ ತಮ್ಮ ಹಿಂದಿನ ಉಪದೇಶಕ್ಕಾಗಿ ವಿಷಾದಪಟ್ಟರು. ರ‍್ಯಾಂಡಲ್ ಮನ್ರೊ ಎಂಬ ವ್ಯಂಗ್ಯಚಿತ್ರಕಾರರಾದರೋ 2011ರಲ್ಲಿಯೇ ಒಂದು ಚಿತ್ರದಲ್ಲಿ, ಪರಸ್ಪರ ಸಂಬಂಧವಿಲ್ಲದ ನಾಲ್ಕು ಸಾಮಾನ್ಯ ಪದಗಳನ್ನು ಸಾಲಾಗಿ ಜೋಡಿಸಿದರೆ ಮನುಷ್ಯನಿಗೆ ನೆನಪಿಡುವುದು ಸುಲಭ, ಯಂತ್ರಕ್ಕೆ ಊಹಿಸುವುದು ಕಷ್ಟವೆಂದು ತೋರಿಸಿದ್ದರು.

ಆದರೆ ಪದಗಳು ನಮ್ಮ ಬುದ್ಧಿಯಿಂದ ಆಯ್ದವಾಗಿರಬಾರದು, ದೈವಾಧೀನವಾಗಿ ಬಿದ್ದವಾಗಿರಬೇಕು. ಇದಕ್ಕೆ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ದಾಳವನ್ನೇ ಉಪಯೋಗಿಸಿದರು. ಆರು ಮುಖದ ದಾಳವನ್ನು ಐದು ಸಲ ಎಸೆದರೆ ಆಗಬಹುದಾದ ಗರಗಳು 7776. ಅಷ್ಟು ಪದಗಳ ಪಟ್ಟಿಯಿಂದ ಗರ ಬಿದ್ದ ಪದವನ್ನು ತೆಗೆದುಕೊಳ್ಳುವುದು. ಹೀಗೆ ನಾಲ್ಕು ಪದಗಳಾದರೆ ಆಗುವ ಜೋಡಣೆಗಳು 36 ಕೋಟಿ ಕೋಟಿಗೂ ಮಿಗಿಲು; ಐದಾರು ಪದಗಳಾದರೆ ಇನ್ನೂ ಉತ್ತಮ. ಧರ್ಮರಾಯನ ಕಾಲದಿಂದ ನಿಂದೆಗೊಳಗಾಗಿದ್ದ ದಾಳಕ್ಕೆ ಈ ಒಂದು ಸತ್ಕಾರ್ಯವಾದರೂ ದೊರೆಯಿತೆಂದು ನಾವು ಸಂತೋಷಪಡಬಹುದು. ದಾಳವು ಶಕುನಿಯದಾಗಿರದಿದ್ದರೆ ಸರಿ.

ನಾಲ್ಕಂಕಿಯ ಪಿನ್ನಿಗೆ ನಮ್ಮ ಶಾಸ್ತ್ರದಲ್ಲಿಯೇ ಸೊಗಸಾದ ಉಪಾಯವಿದೆ. ಸಂಗೀತಪ್ರಿಯರು ಕಟಪಯಾದಿ ಕ್ರಮವನ್ನು ಬಲ್ಲರು. ಕಕಾರದಿಂದ ಝಕಾರದವರೆಗೆ 1ರಿಂದ 9, ಞಕಾರವು ಸೊನ್ನೆ. ಟಕಾರದಿಂದ ಧಕಾರದವರೆಗೆ 1ರಿಂದ 9, ನಕಾರವು ಸೊನ್ನೆ. ಪಕಾರದಿಂದ ಮಕಾರದವರೆಗೆ 1ರಿಂದ 5. ಯಕಾರದಿಂದ ಹಕಾರದವರೆಗೆ 1ರಿಂದ 8. ಮಾಯಾಮಾಳವಗೌಳದಲ್ಲಿ ಮ ಎಂದರೆ 5, ಯ ಎಂದರೆ 1. ತಿರುವಿ ಓದಿದರೆ 15ನೆಯ ಮೇಳವೆಂದಾಗುವುದು. ಈ ರೀತಿಯಲ್ಲಿ ‘ಮೊಸರನ್ನ’ವೆಂಬುದನ್ನು ಬಿಡಿಸಿದರೆ 5, 7, 2, 0, ತಿರುವಿದರೆ 0275. ಹುಟ್ಟಿದ ವರ್ಷವನ್ನು ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅಚ್ಚಾಗಿಹೋದ ಈ ಮೊಸರನ್ನವು ಹಳಸಿತೆಂದೇ ತಿಳಿದು, ವಾಚಕರು ತಮಗೆ ರುಚಿಸುವ ಬೇರೊಂದು ಪದವನ್ನು ಆರಿಸಿಕೊಳ್ಳತಕ್ಕದ್ದು.

ಒಂದೇ ಪದವನ್ನು ಎಲ್ಲ ಕಡೆಗೂ ಉಪಯೋಗಿಸುವುದು ದನದ ಕೊಟ್ಟಿಗೆಗೂ ತಿಜೋರಿಗೂ ಒಂದೇ ಬೀಗದ ಕೈ ಇಟ್ಟಂತೆ. ಕೊಟ್ಟಿಗೆಯ ಕೈ ಕಳೆದ ದಿನ ತಿಜೋರಿಯೂ ಹೋಯಿತು. ಬೇರೆಬೇರೆ ಪದಗಳು ನೆನಪಿನಲ್ಲಿ ನಿಲ್ಲವೆಂದರೆ, ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕುವುದರಲ್ಲಿ ದೋಷವೇನೂ ಇಲ್ಲ. ಸಾವಿರ ಮೈಲಿಯಾಚೆ ಕುಳಿತ ಕಳ್ಳನು ನಮ್ಮ ಬೀರುವನ್ನು ತೆರೆಯಲಾರನು. ಅಂಥ ಪುಸ್ತಕವುಂಟೆಂಬುದು ದಂಪತಿಗಳಿಬ್ಬರಿಗೂ ತಿಳಿದಿರಬೇಕು. ಯಜಮಾನನು ಎಲ್ಲವನ್ನೂ ತನ್ನ ತಲೆಯಲ್ಲಿಯೇ ಇಟ್ಟುಕೊಂಡು ಒಂದು ದಿನ ಕಣ್ಣುಮುಚ್ಚಿದರೆ, ಯಾವ ಬ್ಯಾಂಕಿನಲ್ಲಿ ಏನಿದೆಯೆಂಬುದೇ ತಿಳಿಯದೆ ಆ ಮನೆಯಾಕೆಯು ಪಡುವ ಪಾಡು ದುಃಖದ ಮೇಲಿನ ದುಃಖವಾಗುವುದು. ಖಾತೆಗಳಿಗೆ ನಾಮಿನಿಯನ್ನು ಬರೆಸುವುದೂ ಈ ಗೃಹಕೃತ್ಯದಲ್ಲಿಯೇ ಸೇರಿದ್ದು.

ಇಷ್ಟೆಲ್ಲ ಮಾಡಿದರೂ ಕೆಲಸವು ಅರ್ಧವೇ ಆಯಿತು. ಏಕೆಂದರೆ ಈಗಿನ ಕಳ್ಳನು ಬೀಗವನ್ನು ಒಡೆಯುವ ಶ್ರಮವನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿರುವನು. ಬಾಗಿಲನ್ನು ನಮ್ಮಿಂದಲೇ ತೆಗೆಯಿಸುವನು. ನಮ್ಮ ದೇಶದ ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ, ಕಾರ್ಡಿನ ಮೂಲಕ ದೂರದಿಂದ ಮಾಡುವ ವ್ಯವಹಾರಕ್ಕೆ ಎರಡನೆಯ ಪರೀಕ್ಷೆಯೊಂದು ಇರಲೇಬೇಕೆಂದು ವಿಧಿಸಿತು. ಅದರಿಂದ ಬಾಗಿಲಿಗೆ ಎರಡು ಬೀಗಗಳಾದುವು. ಆಗ ಕಳ್ಳನು ಮಾತಿನ ಮೊರೆಹೊಕ್ಕನು.

ಈ ವಂಚನೆಯ ಸ್ವರೂಪವು ಸಂಸ್ಕೃತ ಸಾಹಿತ್ಯವನ್ನು ಓದಿದವರಿಗೆ ಹೊಸದಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಅಮಾತ್ಯರಾಕ್ಷಸನ ಹೆಂಡತಿಯು ಚಂದನದಾಸನ ಮನೆಯಲ್ಲಿ ಅಡಗಿರುವಳು. ಹೊರಗೆ ಓಡಿಬಂದ ಮಗುವನ್ನು ಒಳಕ್ಕೆಳೆದುಕೊಳ್ಳುವಾಗ ಗಂಡನ ಹೆಸರಿನ ಉಂಗುರವು ಅವಳ ಬೆರಳಿನಿಂದ ಜಾರಿ ಚಾಣಕ್ಯನ ಗೂಢಚಾರನ ಕಾಲ ಬಳಿ ಬೀಳುವುದು. ಚಾಣಕ್ಯನು ಒಂದು ಕಪಟಲೇಖವನ್ನು ಬರೆಯಿಸಿ ಅದೇ ಉಂಗುರದಿಂದ ಮುದ್ರೆಯೊತ್ತುವನು. ಅದನ್ನು ಕಂಡ ಮಲಯಕೇತುವು ತನ್ನ ಪರಮಹಿತೈಷಿಯನ್ನೇ ದ್ರೋಹಿಯೆಂದು ದೂರಮಾಡುವನು. ಇಂದು ಒಬ್ಬನಿಂದ ಆರು ಅಂಕಿಯ ಓಟಿಪಿಯನ್ನು ನಯವಾಗಿ ಕೇಳಿ ಪಡೆದು, ಅವನ ವಾಟ್ಸಾಪನ್ನು ವಶಪಡಿಸಿಕೊಂಡು, ಅವನ ಹೆಸರಿನಿಂದಲೇ ಬಂಧುಮಿತ್ರರಿಗೆಲ್ಲ ‘ತುರ್ತಾಗಿ ಹಣ ಬೇಕಾಗಿದೆ’ ಎಂದು ಬರೆಯುವವನು ಮಾಡುವುದು ಇದನ್ನೇ. ಮುದ್ರೆಯು ನಿಜವಾದುದು, ಒತ್ತಿದ ಕೈ ಮಾತ್ರ ಬೇರೆಯವನದು.

ರಾಮಾಯಣದಲ್ಲಿ ಮಾರೀಚನು ರಾಮನ ಧ್ವನಿಯನ್ನು ಅನುಕರಿಸಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿದನು. ಈಗ ಯಂತ್ರಗಳು ಮನುಷ್ಯನ ಧ್ವನಿಯ ಸ್ವಲ್ಪ ಭಾಗವನ್ನು ಕೇಳಿ ಅದನ್ನೇ ಹೋಲುವ ಧ್ವನಿಯಲ್ಲಿ ಬೇಕಾದುದನ್ನು ನುಡಿಯಬಲ್ಲವು. ‘ಅಪ್ಪಾ, ನನಗೆ ಅಪಘಾತವಾಗಿದೆ’ ಎಂದು ಮಗನ ಕಂಠದಲ್ಲಿಯೇ ಕರೆ ಬರಬಹುದು. ಪಂಚವಟಿಯಲ್ಲಿ ಲಕ್ಷ್ಮಣನು ಇದು ಅಣ್ಣನ ಧ್ವನಿಯಲ್ಲವೆಂದನು. ಸೀತೆಯು ಭಯದಿಂದಲೂ ಪ್ರೇಮದಿಂದಲೂ ಅವನನ್ನು ನಿಷ್ಠುರವಾಗಿ ನುಡಿದು ಕಳುಹಿಸಿದಳು. ಬಳಿಕ ಬಾಗಿಲಿಗೆ ಬಂದ ಸಂನ್ಯಾಸಿಯ ವೇಷವನ್ನೂ ನಂಬಿದಳು. ಸೀತೆಯಂಥ ಸೀತೆಯೇ ಮೋಸಹೋದಳೆಂದ ಮೇಲೆ, ಮೋಸಹೋದ ನೆರೆಯವರನ್ನು ಮೂರ್ಖರೆಂದು ನಗುವ ಅಧಿಕಾರವು ನಮಗಾರಿಗೂ ಇಲ್ಲ.

ಆದರೆ ಸೀತಾದೇವಿಯ ದೊಡ್ಡತನವು ಅಶೋಕವನದಲ್ಲಿ ಕಾಣುವುದು. ಹನುಮಂತನು ರಾಮನ ದೂತನೆಂದು ಹೇಳಿಕೊಂಡು ಎದುರಿಗೆ ಬಂದಾಗ ಆಕೆಯು ಕೂಡಲೆ ನಂಬಲಿಲ್ಲ; ರಾವಣನೇ ವೇಷ ಹಾಕಿ ಬಂದಿರಬಹುದೆಂದು ಶಂಕಿಸಿ, ರಾಮನ ಲಕ್ಷಣಗಳನ್ನು ಹೇಳೆಂದು ಪ್ರಶ್ನಿಸಿದಳು. ಅವನು ವಿಸ್ತಾರವಾಗಿ ಹೇಳಿದನು; ಅನಂತರ ರಾಮನಾಮಾಂಕಿತವಾದ ಉಂಗುರವನ್ನು ಕೊಟ್ಟನು. ಮೊದಲು ತಿಳಿದಿರುವ ಸಂಗತಿ, ಆಮೇಲೆ ಕೈಯಲ್ಲಿರುವ ವಸ್ತು—ಈಗಿನವರು ಎರಡು ಹಂತದ ಪರೀಕ್ಷೆಯೆನ್ನುವುದು ಇದನ್ನೇ. ಮರಳಿ ಕಳುಹಿಸುವಾಗ ಸೀತೆಯೂ ಹಾಗೆಯೇ ಮಾಡಿದಳು. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಪೀಡಿಸಿದ, ರಾಮನಿಗೂ ತನಗೂ ಮಾತ್ರ ತಿಳಿದ ವೃತ್ತಾಂತವನ್ನು ಗುರುತಾಗಿ ಹೇಳಿ, ಚೂಡಾಮಣಿಯನ್ನು ಕೈಗೆ ಕೊಟ್ಟಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸೀತೆಯು ಸಂಶಯಪಟ್ಟಳೆಂದು ಹನುಮಂತನು ಕೋಪಿಸಿಕೊಳ್ಳಲಿಲ್ಲ, ಹೊತ್ತಾಯಿತೆಂದು ಅವಸರಪಡಿಸಲಿಲ್ಲ, ನಂಬದಿದ್ದರೆ ಕೇಡಾಗುವುದೆಂದು ಹೆದರಿಸಲಿಲ್ಲ. ನಿಜವಾದ ದೂತನು ಪರೀಕ್ಷೆಗೆ ಅಂಜುವುದಿಲ್ಲ, ಮುನಿಯುವುದೂ ಇಲ್ಲ.

ಈ ಒಂದು ಲಕ್ಷಣದಿಂದಲೇ ಕಪಟದೂತನನ್ನು ಗುರುತಿಸಬಹುದು. ಅವನಿಗೆ ಯಾವಾಗಲೂ ಅವಸರ. ಖಾತೆಯು ಇಂದು ರಾತ್ರಿಯೇ ನಿಂತುಹೋಗುವುದು, ವಿದ್ಯುತ್ತು ಇನ್ನೊಂದು ಗಳಿಗೆಯಲ್ಲಿ ಕಡಿದುಹೋಗುವುದು, ಪೋಲೀಸರು ವಿಡಿಯೋ ಕರೆಯಲ್ಲಿಯೇ ‘ಡಿಜಿಟಲ್ ಬಂಧನ’ದಲ್ಲಿಟ್ಟಿರುವರು—ಹೀಗೆ ಹೆದರಿಸಿ ಯೋಚನೆಗೆ ಅವಕಾಶವಿಲ್ಲದಂತೆ ಮಾಡುವನು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಬಂಧನವೆಂಬುದೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರಿನ ತಮ್ಮ ಆಕಾಶವಾಣಿ ಭಾಷಣದಲ್ಲಿಯೇ ಎಚ್ಚರಿಸಿದ್ದರು.

1990ರ ದಶಕದಲ್ಲಿ ಬೆಂಗಳೂರು ಮೊದಲಾದ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ರಾತ್ರಿ ಒಂದು ಭೂತವು ಮನೆಯವರದೇ ಧ್ವನಿಯಲ್ಲಿ ಕರೆಯುವುದು. ಬಾಗಿಲು ತೆಗೆದವನು ಸಾಯುವನು. ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುವುದು—ಇದು ಆಗಿನ ವದಂತಿ. 2018ರ ‘ಸ್ತ್ರೀ’ ಎಂಬ ಹಿಂದೀ ಚಲಚ್ಚಿತ್ರವೂ ಇದನ್ನೇ ಆಧರಿಸಿದ್ದಿತು. ವಿದ್ಯಾವಂತರು ಆಗ ನಕ್ಕರು, ನಗತಕ್ಕದ್ದೇ ಆಗಿದ್ದಿತು. ಆದರೆ ಪರಿಚಿತ ಧ್ವನಿಯಲ್ಲಿ ಅಪರಿಚಿತನು ಕರೆಯುವ ಈ ಕಾಲದಲ್ಲಿ ಆ ಎರಡು ಪದಗಳಿಗಿಂತ ಉತ್ತಮವಾದ ರಕ್ಷಾಮಂತ್ರವು ನನಗೆ ತೋರುವುದಿಲ್ಲ.

ನಮ್ಮ ಬೀದಿಯ ವೃದ್ಧದಂಪತಿಗಳ ಮನೆಗೆ ಇಂಥ ಕರೆಯೊಂದು ಬಂದಿದ್ದಿತು. ಯಜಮಾನರು ಗಾಬರಿಯಿಂದ ಕಾರ್ಡನ್ನು ಹುಡುಕುತ್ತಿದ್ದರು. ಅಡಿಗೆಮನೆಯಿಂದ ಬಂದ ಅವರ ಪತ್ನಿಯು, “ರೀ, ಬ್ಯಾಂಕು ನಾಳೆ ಹತ್ತು ಗಂಟೆಗೆ ತೆಗೆಯುತ್ತದಲ್ಲ, ನಾವೇ ಹೋಗಿ ಕೇಳೋಣ. ನಾಳೆ ಅನ್ನಿ ಅವರಿಗೆ,” ಎಂದರು. ಅವರು ಹಾಗೆಯೇ ಅಂದರು. ಇದುವರೆಗೂ ‘ಸರ್, ಸರ್’ ಎನ್ನುತ್ತಿದ್ದವನು ಬಾಯಿಗೆ ಬಂದಂತೆ ಬೈದು ಫೋನನ್ನು ಇಟ್ಟನು. ಮಾರನೆಯ ದಿನ ಬ್ಯಾಂಕಿನಲ್ಲಿ ವಿಚಾರಿಸಿದರೆ ಖಾತೆಯು ಸುಖವಾಗಿಯೇ ಇದ್ದಿತು. ಇಪ್ಪತ್ತು ವರ್ಷದ ಉಳಿತಾಯವನ್ನು ಉಳಿಸಿದ್ದು ಯಾವ ಯಂತ್ರವಿದ್ಯೆಯೂ ಅಲ್ಲ. ಒಂದು ರಾತ್ರಿಯ ವಿಳಂಬ.

ಆದುದರಿಂದ ಪ್ರತಿಯೊಂದು ಸಂಸಾರವೂ ಒಂದು ಸಂಜೆ ಒಟ್ಟಿಗೆ ಕುಳಿತು ಈ ಕೆಲವು ನಿಯಮಗಳನ್ನು ಮಾಡಿಕೊಳ್ಳಲಿ. ಗುಪ್ತಪದ, ಪಿನ್ನು, ಓಟಿಪಿಗಳನ್ನು ಯಾರು ಕೇಳಿದರೂ ಹೇಳಕೂಡದು. ಹಣವನ್ನು ಪಡೆ‌ಯುವುದಕ್ಕೆ ಯುಪಿಐ ಪಿನ್ನು ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ‘ನಿಮಗೆ ಹಣ ಬರುತ್ತದೆ, ಪಿನ್ನು ಒತ್ತಿ’ ಎನ್ನುವವನು ಕಳ್ಳನು. ಬಂದ ಕರೆಯನ್ನು ನಂಬದೆ, ಪಾಸುಪುಸ್ತಕದಲ್ಲಿರುವ ಸಂಖ್ಯೆಗೆ ನಾವೇ ಕರೆಮಾಡಿ ವಿಚಾರಿಸಬೇಕು. ಸೀತಾರಾಮರಿಗೆ ಕಾಗೆಯ ಕಥೆಯಿದ್ದಂತೆ ಮನೆಯವರಿಗೆ ಮಾತ್ರ ತಿಳಿದ ಒಂದು ಗುರುತಿನ ಮಾತನ್ನು ಗೊತ್ತುಮಾಡಿಕೊಂಡು, ಆಪತ್ತೆಂದು ಹಣ ಕೇಳಿದವರು ಮಗನೇ ಆಗಲಿ ಮೊಮ್ಮಗಳೇ ಆಗಲಿ ಅದನ್ನು ಹೇಳತಕ್ಕದ್ದೆಂದು ಕಟ್ಟುಮಾಡಬೇಕು.

ಒಂದು ವೇಳೆ ಅನಾಹುತವು ಆಗಿಯೇಹೋದರೆ ತಡಮಾಡದೆ 1930 ಎಂಬ ಸರ್ಕಾರದ ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವು ಕಳ್ಳನ ಕೈಸೇರುವ ಮೊದಲೇ ನಡುದಾರಿಯಲ್ಲಿ ತಡೆಯುವ ಸಂಭವವು ಹೆಚ್ಚು. ಇಲ್ಲಿ ಮನೆಯ ಕಿರಿಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಹಣ ಕಳೆದುಕೊಂಡ ತಂದೆತಾಯಿಗಳನ್ನು ಗದರಿಸಬೇಡಿರಿ. ಮಕ್ಕಳು ಬೈಯುವರೆಂಬ ಅಂಜಿಕೆಯಿಂದ ಮುದುಕರು ವಿಷಯವನ್ನು ಮುಚ್ಚಿಟ್ಟು, ಉಪಾಯವಿದ್ದ ಮೊದಲ ಗಳಿಗೆಗಳನ್ನು ಕಳೆದುಬಿಡುವರು. ಕಳ್ಳನಿಗೆ ನಮ್ಮ ಮೌನದಷ್ಟು ಒಳ್ಳೆಯ ಸಹಾಯಕನು ಬೇರೆ ಇಲ್ಲ.

ಬಂದವರನ್ನು ಸಂಶಯಿಸುವುದು ಅತಿಥಿಸತ್ಕಾರಕ್ಕೆ ವಿರುದ್ಧವೆಂದು ನಮ್ಮ ಹಿರಿಯ ತಲೆಮಾರಿಗೆ ಒಂದು ಸಂಕೋಚವಿದೆ. ಆ ಸಂಕೋಚವು ಸದ್ಗುಣದಿಂದ ಹುಟ್ಟಿದ್ದೇ ಸರಿ. ಕಳ್ಳನು ಹಿಡಿದುಕೊಳ್ಳುವುದೂ ಆ ಸದ್ಗುಣದ ಸೆರಗನ್ನೇ. ಆದರೆ ವಿನಯದಿಂದ ಕೇಳಿದ ಪ್ರಶ್ನೆಯು ಅವಮಾನವಲ್ಲ. ಅಶೋಕವನದಲ್ಲಿ ಅಷ್ಟು ದುಃಖದಲ್ಲಿಯೂ ಪ್ರಶ್ನಿಸಿ ಪರೀಕ್ಷಿಸಿ ನಂಬಿದ ಆ ಮಹಾಸಾಧ್ವಿಯ ಮಾರ್ಗವು ನಮಗೆ ಸಾಲದೆ? ಇತ್ಯಲಮತಿವಿಸ್ತರೇಣ.